ಈಸ್ಟ್‌ಬೋರ್ನ್‌ನ ಸಣ್ಣ ಬೀದಿಯಲ್ಲಿ ಮನೆ ಮಾಡುವವರಿಗೆ

ಈಸ್ಟ್‌ಬೋರ್ನ್ ಇಂಗ್ಲೆಂಡಿನ ದಕ್ಷಿಣ ತೀರದ ಊರು. ಲಂಡನ್ ವಿಕ್ಟೋರಿಯಾದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಅದರಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಒಬ್ಬರು 65 ದಾಟಿದವರು. ಆಸ್ಪತ್ರೆಯಲ್ಲಿ ನರ್ಸ್ ಆಗಿಯೋ, ಕೇರ್ ಹೋಮ್ ಕೆಲಸಕ್ಕೋ, ಡಾಕ್ಟರ್ ಆಗಿಯೋ ನಮ್ಮವರು ಇಂಥ ಊರುಗಳಿಗೆ ಬರುತ್ತಾರೆ. ಬರುವ ಮುಂಚೆ ಎಲ್ಲರ ಆಸೆ ಒಂದೇ, ಕಿಟಕಿ ತೆಗೆದರೆ ಸಮುದ್ರ ಕಾಣಬೇಕು ಅಂತ.

ನನ್ನ ಮಾತು ಇಷ್ಟೇ. ಸಮುದ್ರ ನೋಡಿ ಮನೆ ಹಿಡಿಯಬೇಡಿ, ಬೀದಿ ನೋಡಿ ಹಿಡಿಯಿರಿ. ಸಮುದ್ರ ಎಲ್ಲಿಂದ ನಡೆದರೂ ಅರ್ಧ ಮುಕ್ಕಾಲು ಗಂಟೆಯೊಳಗೆ ಸಿಗುತ್ತದೆ. ದಿನಾ ನಿಮ್ಮನ್ನು ಕಾಯುವುದು ಅಥವಾ ಕಾಡುವುದು ಗಾಳಿ, ತೇವ, ಕಸದ ಬಿನ್ ಮತ್ತು ಪಕ್ಕದ ಮನೆಯವರು. ಇವುಗಳಿಗೆ ಮೊದಲೇ ತಯಾರಾಗಿ ಬಂದರೆ ಇಲ್ಲಿನ ಬದುಕು ತುಂಬಾ ಚೆನ್ನಾಗಿರುತ್ತದೆ. ಒಂದೊಂದಾಗಿ ಹೇಳುತ್ತೇನೆ.

ಮೊದಲು ಏರಿಯಾ ಆರಿಸಿ

ಊರಿನ ಪಶ್ಚಿಮಕ್ಕೆ ಸೌತ್ ಡೌನ್ಸ್ ಗುಡ್ಡಗಳು, ಪೂರ್ವಕ್ಕೆ ಪೆವೆನ್ಸಿ ಕಡೆಯ ತಗ್ಗು ಜಾಗ. ಈ ಒಂದು ವಿಷಯ ತಲೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಗುಡ್ಡದ ಬುಡದಲ್ಲಿರುವ ಮೀಡ್ಸ್ ಸುಂದರವಾದ ಜಾಗ, ಆದರೆ ಬಾಡಿಗೆ ಜಾಸ್ತಿ. ಓಲ್ಡ್ ಟೌನ್ ಸ್ವಲ್ಪ ಏರಿನಲ್ಲಿದೆ, ಸಂಸಾರಸ್ಥರು ಜಾಸ್ತಿ, ಹಳೆಯ ಮನೆಗಳು. ರೋಸ್‌ಲ್ಯಾಂಡ್ಸ್ ಮತ್ತು ಸೀಸೈಡ್ ರಸ್ತೆಯ ಸುತ್ತಮುತ್ತ ಸಾಲುಮನೆಗಳು, ನೆಲ ಸಮತಟ್ಟು, ಪೇಟೆಗೂ ಸಮುದ್ರಕ್ಕೂ ನಡೆದೇ ಹೋಗಬಹುದು. ಲಾಂಗ್ನಿ ಕಡೆ ಇನ್ನೂ ಹೊಸ ಕಾಲದ ಮನೆಗಳು. ಸಾವರಿನ್ ಹಾರ್ಬರ್ 1990ರ ದಶಕದಿಂದೀಚೆಗೆ ಬೆಳೆದದ್ದು, ಫ್ಲಾಟ್‌ಗಳು ಹೊಸದಾಗಿ ಅಚ್ಚುಕಟ್ಟಾಗಿವೆ, ಆದರೆ ಪೇಟೆ ಮಧ್ಯದಿಂದ ದೂರ, ಕೊಂಡುಕೊಳ್ಳುವವರು ಸರ್ವಿಸ್ ಚಾರ್ಜ್ ಎಷ್ಟು ಅಂತ ಬರವಣಿಗೆಯಲ್ಲೇ ಕೇಳಬೇಕು.

ದೊಡ್ಡಾಸ್ಪತ್ರೆ ಇರುವುದು ಕಿಂಗ್ಸ್ ಡ್ರೈವ್‌ನಲ್ಲಿ. ಅಲ್ಲಿ ರಾತ್ರಿ ಪಾಳಿ ಮಾಡುವವರು ಹ್ಯಾಂಪ್ಡನ್ ಪಾರ್ಕ್, ರಾಡ್‌ಮಿಲ್, ಅಪ್ಪರ್ಟನ್ ಕಡೆ ನೋಡುವುದು ಒಳ್ಳೆಯದು. ಬೆಳಗ್ಗೆ ಎಂಟಕ್ಕೆ ಪಾಳಿ ಮುಗಿಸಿ, ಎದುರುಗಾಳಿಯಲ್ಲಿ ಬಸ್ ಕಾಯುತ್ತಾ ನಿಂತವರಿಗೆ ಸಮುದ್ರದ ನೋಟ ಬೇಕಾಗಿರುವುದಿಲ್ಲ, ಹಾಸಿಗೆ ಬೇಕಾಗಿರುತ್ತದೆ. ಹ್ಯಾಂಪ್ಡನ್ ಪಾರ್ಕ್‌ಗೆ ಅದರದ್ದೇ ರೈಲು ನಿಲ್ದಾಣವೂ ಇದೆ.

ಸಮುದ್ರಕ್ಕೆ ಮುಖ ಮಾಡಿದ ಮೊದಲ ಸಾಲು ಬಹುಪಾಲು ಹೋಟೆಲುಗಳೇ. ಡ್ಯೂಕ್ ಆಫ್ ಡೆವನ್‌ಶೈರ್ ಮನೆತನದ ಹಿಡಿತ ಇರುವುದರಿಂದ ಅಲ್ಲಿ ಅಂಗಡಿ ಸಾಲು ಬೆಳೆದಿಲ್ಲ, ನೋಟ ಇನ್ನೂ ಹಳೆಯ ಕಾಲದ ಹಾಗೇ ಉಳಿದಿದೆ. ನೋಡಲು ಚೆಂದ. ವಾಸಕ್ಕೆ ನಾಲ್ಕೈದು ಬೀದಿ ಒಳಗೆ ಬನ್ನಿ. ಗಾಳಿಯ ಹೊಡೆತ ತಕ್ಷಣ ಕಡಿಮೆ ಆಗುತ್ತದೆ, ಕಿಟಕಿ ಗಾಜಿನ ಮೇಲೆ ಉಪ್ಪು ಕೂರುವುದೂ ಕಡಿಮೆ. ಪೂರ್ವದ ತಗ್ಗು ಕಡೆ ಮನೆ ನೋಡುವವರು ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ಪ್ರವಾಹದ ಅಪಾಯ ಎಷ್ಟಿದೆ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ, ಪುಕ್ಕಟೆ.

ಮನೆ ನೋಡಲು ಹೋದ ದಿನ

ಬಿಸಿಲಿನ ಶನಿವಾರ ಹೋಗಿ ನೋಡಿದ ಮನೆಯನ್ನು ಗಾಳಿ ಮಳೆ ಇರುವ ದಿನ ಸಂಜೆ ಇನ್ನೊಮ್ಮೆ ಹೊರಗಿನಿಂದಾದರೂ ನೋಡಿ ಬನ್ನಿ. ಬೀದಿದೀಪ ಹೇಗಿದೆ, ಕಾರು ನಿಲ್ಲಿಸಲು ಜಾಗ ಇದೆಯಾ, ಪಕ್ಕದ ಪಬ್‌ನ ಗಲಾಟೆ ಎಷ್ಟು, ಎಲ್ಲ ಆಗಲೇ ಗೊತ್ತಾಗುವುದು. ಕೆಲವು ಬೀದಿಗಳಲ್ಲಿ ಪರ್ಮಿಟ್ ಇಲ್ಲದೆ ಕಾರು ನಿಲ್ಲಿಸುವ ಹಾಗಿಲ್ಲ. ಕಂಬದ ಮೇಲಿನ ಬೋರ್ಡ್ ಓದಿ.

ಒಳಗೆ ಹೋದ ಮೇಲೆ ಮೂಗಿಗೆ ಕೆಲಸ ಕೊಡಿ. ಮಣ್ಣಿನ ಹಾಗೆ ಮುಗ್ಗು ವಾಸನೆ ಬಂದರೆ ತೇವ ಇದೆ ಅಂತಲೇ ಅರ್ಥ. ಬೀರುವಿನ ಹಿಂದೆ, ಹಾಸಿಗೆಯ ತಲೆಭಾಗದ ಗೋಡೆ, ಬಚ್ಚಲಿನ ಮೇಲ್ಛಾವಣಿಯ ಮೂಲೆ, ಕಿಟಕಿಯ ಕೆಳಪಟ್ಟಿ, ಈ ನಾಲ್ಕು ಕಡೆ ಕಪ್ಪು ಚುಕ್ಕೆ ಇದೆಯಾ ನೋಡಿ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಆಮೇಲೆ ಇಷ್ಟು ಕಾಗದ ಕೇಳಿ. ಇಂಧನ ಮಟ್ಟ ತಿಳಿಸುವ ಇಪಿಸಿ, ಬಾಡಿಗೆ ಮನೆಗೆ ಕನಿಷ್ಠ 'ಇ' ದರ್ಜೆ ಇರಬೇಕು, 'ಸಿ' ಇದ್ದರೆ ಚಳಿಗಾಲದ ಬಿಲ್ಲು ಹಗುರ. ಗ್ಯಾಸ್ ಸುರಕ್ಷತೆಯ ಸರ್ಟಿಫಿಕೇಟ್ ವರ್ಷಕ್ಕೊಮ್ಮೆ ಆಗಬೇಕು, ವೈರಿಂಗ್ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಪ್ರತಿ ಮಹಡಿಯಲ್ಲೂ ಸ್ಮೋಕ್ ಅಲಾರಂ ಇರಬೇಕು. ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು. ಇದೆಲ್ಲ ಓನರ್ ಉಪಕಾರಕ್ಕೆ ಮಾಡುವುದಲ್ಲ, ಕಾನೂನು.

ದುಡ್ಡು ಮತ್ತು ಕಾಗದ

ಮನೆ ಹಿಡಿದಿಡಲು ಏಜೆಂಟ್ ಒಂದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಡಿಪಾಸಿಟ್ ಐದು ವಾರದ ಬಾಡಿಗೆ ಮೀರುವಂತಿಲ್ಲ. 2019ರ ಕಾನೂನು ಇದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಸಮಾಧಾನದ ಸುದ್ದಿ. ಆ ಡಿಪಾಸಿಟ್ಟನ್ನು ಓನರ್ 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು, ಎಲ್ಲಿಟ್ಟಿದ್ದಾರೆ ಅಂತ ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಮೇಲ್ ಹಾಕಿ ಕೇಳಿ. ಬಾಯಿಮಾತು ಬೇಡ, ಎಲ್ಲವೂ ಮೇಲ್‌ನಲ್ಲಿ ಇರಲಿ.

ಇಲ್ಲಿ ಗ್ಯಾರಂಟಿ ಕೊಡುವವರು ಯಾರೂ ಇಲ್ಲ ಅಂತ ಹೊಸಬರಿಂದ ಆರು ತಿಂಗಳ ಬಾಡಿಗೆ ಮುಂಗಡ ಕೇಳುವ ರೂಢಿ ಇತ್ತು. 2025ರ ಬಾಡಿಗೆದಾರರ ಹಕ್ಕಿನ ಕಾಯ್ದೆ ಅದನ್ನು ನಿಲ್ಲಿಸಿದೆ. 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಜಾಹೀರಾತಿನಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಬಾಡಿಗೆಗೆ ಹರಾಜು ಕೂಗುವಂತಿಲ್ಲ, ಕಾರಣ ಹೇಳದೆ ಮನೆ ಬಿಡಿಸುವಂತಿಲ್ಲ. ಬಿಡಬೇಕೆಂದರೆ ನೀವು ಎರಡು ತಿಂಗಳ ನೋಟಿಸ್ ಕೊಡಬೇಕು. ಹಳೆಯ ಲೆಕ್ಕದಲ್ಲೇ ಮಾತಾಡುವ ಏಜೆಂಟ್ ಸಿಕ್ಕರೆ ಇದನ್ನು ಮೆತ್ತಗೆ ನೆನಪಿಸಿ.

ವೀಸಾ ಪರಿಶೀಲನೆಗೆ ಶೇರ್ ಕೋಡ್ ಕೇಳುತ್ತಾರೆ, ಅಂದರೆ ನಿಮ್ಮ ವೀಸಾವನ್ನು ಅವರು ಆನ್‌ಲೈನ್‌ನಲ್ಲಿ ನೋಡಲು ಬೇಕಾದ ಸಂಖ್ಯೆ. ಇ-ವೀಸಾ ಖಾತೆಗೆ ಹೋಗಿ ತೆಗೆದುಕೊಡಿ. ಮನೆಯಲ್ಲಿರುವ 18 ದಾಟಿದ ಎಲ್ಲರದ್ದೂ ಬೇಕು.

ಬಾಡಿಗೆ ಬಿಟ್ಟು ದೊಡ್ಡ ಖರ್ಚು ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ. 1991ರ ಏಪ್ರಿಲ್‌ನಲ್ಲಿ ಆ ಮನೆಗೆ ಎಷ್ಟು ಬೆಲೆ ಇರುತ್ತಿತ್ತು ಅನ್ನುವ ಲೆಕ್ಕದಲ್ಲಿ 'ಎ'ಯಿಂದ 'ಎಚ್'ವರೆಗೆ ಬ್ಯಾಂಡ್ ಮಾಡಿದ್ದಾರೆ. ಮನೆ ಒಪ್ಪುವ ಮುಂಚೆಯೇ ಬ್ಯಾಂಡ್ ಯಾವುದು ಕೇಳಿ, ಯಾಕೆಂದರೆ ಬಾಡಿಗೆಯ ಜಾಹೀರಾತಿನಲ್ಲಿ ಈ ಖರ್ಚು ಸೇರಿರುವುದಿಲ್ಲ. ಒಬ್ಬರೇ ವಾಸ ಇದ್ದರೆ 25% ರಿಯಾಯಿತಿ ಇದೆ, ಕೇಳಿದರೆ ಮಾತ್ರ ಕೊಡುತ್ತಾರೆ. ಮೊದಲು ಒಬ್ಬರೇ ಬಂದು ಆಮೇಲೆ ಸಂಸಾರ ಕರೆಸಿಕೊಳ್ಳುವವರು ಈ ರಿಯಾಯಿತಿ ಬಿಟ್ಟುಕೊಳ್ಳಬೇಡಿ. ಕಂತು ಸಾಮಾನ್ಯವಾಗಿ ಹತ್ತು ತಿಂಗಳಿಗೆ ಹಾಕುತ್ತಾರೆ, ಹನ್ನೆರಡಕ್ಕೆ ಹಂಚಿಕೊಡಿ ಅಂತ ಕೇಳಬಹುದು.

ಮೊದಲ ವಾರ

ಕೀಲಿ ಕೈಗೆ ಬಂದ ದಿನವೇ, ಸಾಮಾನು ಇಳಿಸುವ ಮುಂಚೆ, ಪ್ರತಿ ಕೋಣೆಯ ಫೋಟೋ ತೆಗೆಯಿರಿ. ಕಾರ್ಪೆಟ್ ಮೇಲಿನ ಕಲೆ, ಗೋಡೆಯ ಮೊಳೆ ತೂತು, ಓವನ್ ಒಳಭಾಗ, ಎಲ್ಲವೂ. ಅದೇ ದಿನ ಏಜೆಂಟ್‌ಗೆ ಮೇಲ್ ಮಾಡಿ. ಮುಂದೆ ಡಿಪಾಸಿಟ್ ವಾಪಸ್ ಬರುವುದು ಈ ಫೋಟೋಗಳ ಬಲದ ಮೇಲೆ. ಗ್ಯಾಸ್, ಕರೆಂಟ್ ಮೀಟರ್‌ಗಳ ಫೋಟೋ ಕೂಡ ತೆಗೆದು ಕಂಪನಿಗೆ ರೀಡಿಂಗ್ ಕೊಡಿ, ಇಲ್ಲವಾದರೆ ಹಿಂದಿನವರ ಬಳಕೆಯೂ ನಿಮ್ಮ ತಲೆಗೇ ಬರಬಹುದು. ನೀರು ಕೊಡುವುದು ಸೌತ್ ಈಸ್ಟ್ ವಾಟರ್, ಒಳಚರಂಡಿ ನೋಡಿಕೊಳ್ಳುವುದು ಸದರ್ನ್ ವಾಟರ್. ಎರಡು ಹೆಸರು ಕಂಡರೆ ಗಾಬರಿ ಬೇಡ.

ಹತ್ತಿರದ ಜಿಪಿ ಸರ್ಜರಿಯಲ್ಲಿ, ಅಂದರೆ ಫ್ಯಾಮಿಲಿ ಡಾಕ್ಟರ ಕ್ಲಿನಿಕ್‌ನಲ್ಲಿ, ಮನೆಯವರೆಲ್ಲರ ಹೆಸರು ಬರೆಸಿ. ಹುಷಾರು ತಪ್ಪಿದ ಮೇಲೆ ಬರೆಸೋಣ ಅಂತ ಕೂರಬೇಡಿ. ವಿಳಾಸದ ಪುರಾವೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸೇರಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ. ಗಂಟಲು ನೋವು, ಮಕ್ಕಳ ಕಿವಿ ನೋವು, ಸೈನಸ್, ಹೆಂಗಸರ ಉರಿಮೂತ್ರ ಇಂಥದ್ದಕ್ಕೆ ನೇರವಾಗಿ ಫಾರ್ಮಸಿಗೆ ಹೋಗಿ. 2024ರ ಜನವರಿಯಿಂದ ಇಂಥ ಏಳು ತೊಂದರೆಗಳಿಗೆ ಫಾರ್ಮಸಿಸ್ಟೇ ಔಷಧಿ ಕೊಡಬಹುದು. ಏನು ಮಾಡಬೇಕು ತಿಳಿಯದಿದ್ದರೆ 111ಕ್ಕೆ ಫೋನ್ ಮಾಡಿ, ಜೀವಕ್ಕೆ ಅಪಾಯ ಅನ್ನಿಸಿದರೆ 999ಕ್ಕೆ.

ಡ್ರೈವಿಂಗ್ ಬಗ್ಗೆ ಒಂದು ಮಾತು. ಇಂಡಿಯಾದ ಲೈಸೆನ್ಸ್ ಇಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಅದನ್ನು ಕೊಟ್ಟು ಇಲ್ಲಿನದ್ದು ಬದಲಿಸಿಕೊಳ್ಳಲು ಬರುವುದಿಲ್ಲ, ಥಿಯರಿ ಮತ್ತು ರೋಡ್ ಟೆಸ್ಟ್ ಎರಡೂ ಪಾಸಾಗಬೇಕು. ಟೆಸ್ಟ್ ತಾರೀಖು ಸಿಗುವುದೇ ಕಷ್ಟ, ಆದ್ದರಿಂದ ಬಂದ ತಿಂಗಳಲ್ಲೇ ಪ್ರಾವಿಷನಲ್ ಲೈಸೆನ್ಸ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಅರ್ಜಿ ಹಾಕಿ. ಕಾರು ಕೊಂಡರೆ ಸಮುದ್ರದ ಉಪ್ಪಿಗೆ ಅಡಿಭಾಗ ಬೇಗ ತುಕ್ಕು ಹಿಡಿಯುತ್ತದೆ, ಆಗಾಗ ಕೆಳಗಿನಿಂದಲೂ ನೀರು ಹೊಡೆದು ತೊಳೆಸಿ. ಕಾರಿಲ್ಲದವರಿಗೂ ತೊಂದರೆ ಇಲ್ಲ. ಊರೊಳಗೆ ಬಸ್ ಇದೆ, ಬ್ರೈಟನ್ ಕಡೆಗೆ ಸೆವೆನ್ ಸಿಸ್ಟರ್ಸ್ ಗುಡ್ಡಗಳ ಪಕ್ಕ ಹಾದು ಹೋಗುವ 12 ನಂಬರಿನ ಬಸ್ ಇದೆ. ಮೇಲಂತಸ್ತಿನ ಮುಂದಿನ ಸೀಟು ಸಿಕ್ಕರೆ ಆ ದಾರಿಯೇ ಒಂದು ಪ್ರವಾಸ.

ತೇವದ ಜೊತೆ ಹೋರಾಟ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಮ್ಮವರ ಮನೆಗಳಲ್ಲಿ ಅತಿ ಹೆಚ್ಚು ಬೇಜಾರು ತರುವುದು ಇದೇ.

ನಾವು ಅನ್ನ ಮಾಡುತ್ತೇವೆ, ಕುಕ್ಕರ್ ಕೂಗಿಸುತ್ತೇವೆ, ಇಡ್ಲಿ ಹಬೆಯಲ್ಲಿ ಬೇಯಿಸುತ್ತೇವೆ, ಬಿಸಿನೀರಿನ ಸ್ನಾನ ಮಾಡುತ್ತೇವೆ, ಮಳೆ ಅಂತ ಬಟ್ಟೆ ಒಳಗೆ ಒಣಹಾಕುತ್ತೇವೆ. ಚಳಿ ಅಂತ ಕಿಟಕಿ ತೆಗೆಯುವುದಿಲ್ಲ, ಬಿಲ್ಲಿಗೆ ಹೆದರಿ ಹೀಟಿಂಗ್ ಹಾಕುವುದಿಲ್ಲ. ಅಷ್ಟೂ ಹಬೆ ಹೋಗಿ ತಣ್ಣಗಿರುವ ಹೊರಗೋಡೆಗೆ ಅಂಟಿ ನೀರಾಗುತ್ತದೆ, ಎರಡು ವಾರದಲ್ಲಿ ಬೂಷ್ಟು. ಮಕ್ಕಳಿಗೆ ಕೆಮ್ಮು ಶುರುವಾಗುತ್ತದೆ.

ಹಾಗಾಗಿ ಹೀಗೆ ಮಾಡಿ. ಬೆಳಗ್ಗೆ ಎದ್ದ ತಕ್ಷಣ ಮನೆಯ ಎರಡು ಎದುರುಬದುರು ಕಿಟಕಿ ಹತ್ತು ನಿಮಿಷ ಪೂರ್ತಿ ತೆಗೆದಿಡಿ, ಎಷ್ಟೇ ಚಳಿ ಇರಲಿ. ಗೋಡೆ ತಣ್ಣಗಾಗುವಷ್ಟು ಹೊತ್ತು ಬೇಡ, ಗಾಳಿ ಬದಲಾದರೆ ಸಾಕು. ಕಿಟಕಿ ಗಾಜಿನ ಮೇಲೆ ಕೂತ ನೀರನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಿ. ಅಡುಗೆ ಮಾಡುವಾಗ ಪಾತ್ರೆಗೆ ಮುಚ್ಚಳ ಇರಲಿ, ಅಡುಗೆಮನೆ ಬಾಗಿಲು ಮುಚ್ಚಿರಲಿ, ಫ್ಯಾನ್ ಓಡುತ್ತಿರಲಿ. ಬಚ್ಚಲಿನದ್ದೂ ಹಾಗೇ. ಬೀರು, ಸೋಫಾಗಳನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಇಡಿ. ಹೀಟಿಂಗನ್ನು ಒಮ್ಮೆಲೇ 23ಕ್ಕೆ ಏರಿಸಿ ಆಮೇಲೆ ಪೂರ್ತಿ ಆರಿಸುವುದಕ್ಕಿಂತ 18ರ ಹತ್ತಿರ ಸಮನಾಗಿ ಇಟ್ಟರೆ ಗೋಡೆ ಬೆಚ್ಚಗಿರುತ್ತದೆ. ಇಷ್ಟಾದ ಮೇಲೂ ಸಾಲದಿದ್ದರೆ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಕೊಳ್ಳಿ. ಬಟ್ಟೆ ಒಣಗಿಸುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಅದನ್ನು ಓಡಿಸಿದರೆ ರಾತ್ರಿ ಕಳೆಯುವಷ್ಟರಲ್ಲಿ ತೊಟ್ಟಿಯಲ್ಲಿ ತುಂಬುವ ನೀರು ನೋಡಿ ನಿಮಗೇ ಆಶ್ಚರ್ಯ ಆಗುತ್ತದೆ. ನನ್ನ ಲೆಕ್ಕದಲ್ಲಿ ಟಿವಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಅದು.

ಆದರೆ ಒಂದು ತಿಳಿದುಕೊಳ್ಳಿ. ಎಲ್ಲ ತೇವವೂ ನಿಮ್ಮ ಅಡುಗೆಯಿಂದ ಬಂದದ್ದಲ್ಲ. ಗಾಳಿಮಳೆ ಬಂದಾಗಲೆಲ್ಲ ಒಂದೇ ಜಾಗದಲ್ಲಿ ಕಂದು ಕಲೆ ಬೆಳೆಯುತ್ತಿದ್ದರೆ ಅದು ಹೊರಗಿನಿಂದ ಇಳಿಯುತ್ತಿರುವ ನೀರು. ಚಾವಣಿ, ಮಳೆನೀರಿನ ಕೊಳವೆ, ಗೋಡೆ ಬಿರುಕು ಸರಿಮಾಡಿಸುವುದು ಓನರ್ ಕೆಲಸ. ದಿನಾಂಕ ಸಮೇತ ಫೋಟೋ ತೆಗೆದು ಮೇಲ್ ಮಾಡಿ. ಅಡುಗೆ ಕಡಿಮೆ ಮಾಡಿ ಅನ್ನುವ ಉತ್ತರ ಬಂದರೆ ಒಪ್ಪಿ ಸುಮ್ನೆ ಕೂರಬೇಡಿ, ಕೌನ್ಸಿಲ್‌ನ ಮನೆಗಳ ಪರಿಶೀಲನೆ ವಿಭಾಗಕ್ಕೆ ಬರೆಯಿರಿ. ಆ ಹಕ್ಕು ಬಾಡಿಗೆದಾರರಿಗೆ ಇದೆ.

ಅಡುಗೆಮನೆ

ಡೌನ್ಸ್ ಗುಡ್ಡಗಳು ಸೀಮೆಸುಣ್ಣದ ಕಲ್ಲಿನವು. ಆ ಕಲ್ಲಿನ ಮೂಲಕ ಬಂದ ನೀರು ಗಡಸು. ಕೆಟಲ್ ತಳದಲ್ಲಿ ಬಿಳಿ ಪದರ ಕೂರುತ್ತದೆ, ತೊಗರಿಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಬೇಳೆಯನ್ನು ಫಿಲ್ಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹುಣಸೆ, ಟೊಮೆಟೊ, ಉಪ್ಪು ಬೆಂದ ಮೇಲೆ ಹಾಕಿ. ಕಡಲೆ, ಅಲಸಂದೆ ನೆನೆಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸರಿಹೋಗುತ್ತದೆ. ಕೆಟಲ್‌ಗೆ ವಿನೆಗರ್ ನೀರು ಹಾಕಿ ಕುದಿಸಿದರೆ ಪದರ ಬಿಡುತ್ತದೆ. ದೋಸೆ ಹಿಟ್ಟನ್ನು ಓವನ್ನಿನಲ್ಲಿ ಬರೀ ಲೈಟ್ ಹಾಕಿ ಇಟ್ಟರೆ ಜನವರಿಯಲ್ಲೂ ಹುದುಗುತ್ತದೆ.

ಒಗ್ಗರಣೆಗೆ ಎಣ್ಣೆ ಹೊಗೆಯಾಡುವವರೆಗೆ ಕಾಯಬೇಡಿ. ಹಜಾರದ ಸ್ಮೋಕ್ ಅಲಾರಂ ಇಡೀ ಸಾಲುಮನೆಗೆ ಕೇಳುವಷ್ಟು ಜೋರಾಗಿ ಕೂಗುತ್ತದೆ. ಫ್ಯಾನ್ ಹಾಕಿ, ಅಡುಗೆಮನೆ ಬಾಗಿಲು ಮುಚ್ಚಿ, ಸಾಸಿವೆ ಸಿಡಿಯುವಷ್ಟೇ ಕಾಯಿಸಿ. ಮೆಣಸಿನಕಾಯಿಯನ್ನು ಕೊನೆಗೆ ಹಾಕಿ ತಕ್ಷಣ ಒಲೆ ಆರಿಸಿ. ಏನೇ ಆದರೂ ಅಲಾರಂನ ಬ್ಯಾಟರಿ ಮಾತ್ರ ತೆಗೆಯಬೇಡಿ. ಅಡುಗೆಮನೆಗೆ ಹೊಗೆಯ ಬದಲು ಬಿಸಿಗೆ ಕೂಗುವ ಹೀಟ್ ಅಲಾರಂ ಬರುತ್ತದೆ, ಹಾಕಿಸಿಕೊಡಿ ಅಂತ ಓನರ್ ಅವರನ್ನು ಕೇಳಿ.

ಅಕ್ಕಿ, ಬೇಳೆ, ತೆಂಗಿನತುರಿ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲೇ ಸಿಗುತ್ತವೆ. ರಾಗಿ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಕರಿಬೇವಿಗೆ ಕ್ರಾಲಿ ಅಥವಾ ಕ್ರಾಯ್ಡನ್ ಕಡೆ ಹೋದಾಗ ಒಟ್ಟಿಗೆ ತಂದುಬಿಡಿ, ಕರಿಬೇವು ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮೀನು ತಿನ್ನುವವರಿಗೆ ಈ ಊರು ಕೈಕೊಡುವುದಿಲ್ಲ. ಬೇಸಿಗೆಯಲ್ಲಿ ಸಿಗುವ ಮ್ಯಾಕರೆಲ್ ನಮ್ಮ ಬಂಗುಡೆಯ ನೆಂಟ, ಪುಳಿಮುಂಚಿಗೆ ಚೆನ್ನಾಗಿ ಹೊಂದುತ್ತದೆ.

ಬಿನ್ ಮತ್ತು ಸೀಗಲ್

ಯಾವ ಬಿನ್ ಯಾವ ದಿನ ಅನ್ನುವುದು ಕೌನ್ಸಿಲ್ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಿಗುತ್ತದೆ. ಆ ಕ್ಯಾಲೆಂಡರ್ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿ. ಗೊತ್ತಾಗದಿದ್ದರೆ ಬೀದಿಯವರು ಯಾವುದನ್ನು ಹೊರಗಿಟ್ಟಿದ್ದಾರೆ ನೋಡಿ ಅದನ್ನೇ ಇಡಿ. ರೀಸೈಕ್ಲಿಂಗ್ ಬಿನ್‌ಗೆ ಎಣ್ಣೆ ಮೆತ್ತಿದ ಡಬ್ಬಿ ತೊಳೆಯದೆ ಹಾಕಬೇಡಿ. ಕರಿದ ಎಣ್ಣೆಯನ್ನು ಸಿಂಕಿಗಂತೂ ಸುರಿಯಲೇಬೇಡಿ, ಚಳಿಗೆ ಅದು ಪೈಪಿನೊಳಗೆ ಗಟ್ಟಿಯಾಗುತ್ತದೆ.

ಕಸದ ಚೀಲವನ್ನು ಬಿನ್ನಿನ ಹೊರಗೆ, ನೆಲದ ಮೇಲೆ ಇಟ್ಟರೆ ಮುಗಿಯಿತು. ಹೆರಿಂಗ್ ಗಲ್ ಅನ್ನುವ ಸೀಗಲ್, ಅಂದರೆ ಕಡಲಹಕ್ಕಿ, ನಮ್ಮ ಕಾಗೆಗಿಂತ ತುಂಬಾ ದೊಡ್ಡದು. ಬೆಳಕು ಹರಿಯುವಷ್ಟರಲ್ಲಿ ಚೀಲ ಹರಿದು ಅನ್ನ, ಸಾರಿನ ತರಕಾರಿ, ಕೋಳಿ ಮೂಳೆ ಎಲ್ಲವನ್ನೂ ಬೀದಿ ತುಂಬಾ ಹರಡಿರುತ್ತದೆ, ಯಾರ ಮನೆಯದ್ದು ಅಂತ ಹೇಳುವುದೇ ಬೇಕಿಲ್ಲ. ಮುಚ್ಚಳ ಪೂರ್ತಿ ಮುಚ್ಚುವಷ್ಟೇ ತುಂಬಿ. ಹೊರಗೆ ಕೂತು ಚಿಪ್ಸ್ ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ಕೂರಿ, ಹಿಂದಿನಿಂದ ಬಂದು ಕಿತ್ತುಕೊಳ್ಳುತ್ತವೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಚಾವಣಿ ಮೇಲೆ ಮರಿ ಮಾಡುತ್ತವೆ, ನಸುಕಿನಿಂದಲೇ ಕೂಗಾಟ. ಆದರೆ 1981ರ ವನ್ಯಜೀವಿ ಕಾಯ್ದೆಯಡಿ ಅವುಗಳಿಗೆ ರಕ್ಷಣೆ ಇದೆ. ಗೂಡು, ಮೊಟ್ಟೆ ಮುಟ್ಟುವುದು ಅಪರಾಧ.

ಅಕ್ಕಪಕ್ಕದವರು

ಬಂದ ವಾರದಲ್ಲೇ ಎರಡೂ ಪಕ್ಕದ ಬಾಗಿಲು ತಟ್ಟಿ ಹೆಸರು ಹೇಳಿ ಬನ್ನಿ. ಇಂಗ್ಲಿಷರು ತಾವಾಗಿ ಮಾತಾಡಿಸುವುದು ಕಡಿಮೆ, ಆದರೆ ನಾವು ಮಾತಾಡಿಸಿದರೆ ಮುಖ ಅರಳುತ್ತದೆ, ಅದರಲ್ಲೂ ಒಂಟಿಯಾಗಿರುವ ವಯಸ್ಸಾದವರದ್ದು. ಶನಿವಾರ ಹತ್ತೂವರೆ ಹನ್ನೊಂದರ ಹೊತ್ತು ಒಳ್ಳೆಯದು. ಬಾಗಿಲಲ್ಲೇ ನಿಂತು ಐದು ನಿಮಿಷ ಮಾತಾಡಿ, ಒಳಗೆ ಕರೆಯಲಿ ಅಂತ ಕಾಯಬೇಡಿ. ನಮ್ಮಲ್ಲಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದು ಮರ್ಯಾದೆಯಲ್ಲ, ಇಲ್ಲಿ ಹೇಳದೆ ಕೇಳದೆ ಒಳಗೆ ಹೋಗುವುದು ಮರ್ಯಾದೆಯಲ್ಲ.

ಹಬ್ಬಕ್ಕೆ ಸಿಹಿ ಕೊಡುವುದನ್ನು ಖಂಡಿತ ಮಾಡಿ. ಕೊಡುವ ಮುಂಚೆ ಮನೆಯಲ್ಲಿ ಯಾರಿಗಾದರೂ ಗೋಡಂಬಿ, ಕಡಲೆಬೀಜ ಆಗದೇ ಇರುತ್ತದಾ ಅಂತ ಕೇಳಿ, ಡಬ್ಬಿ ಮೇಲೆ ಏನೇನು ಹಾಕಿದೆ ಬರೆದು ಅಂಟಿಸಿ. ಮೈಸೂರ್ ಪಾಕ್ ಕೊಟ್ಟ ಮನೆಯಿಂದ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಕಾರ್ಡ್ ಬರುತ್ತದೆ, ಊರಿಗೆ ಹೋದಾಗ ಪಾರ್ಸೆಲ್ ತೆಗೆದಿಡುತ್ತಾರೆ, ಬಿನ್ ಒಳಗಿಡುತ್ತಾರೆ. ವಯಸ್ಸಾದ ನೆರೆಯವರ ಬಿನ್ನನ್ನು ಗಾಳಿ ಇರುವ ದಿನ ನೀವೂ ಎತ್ತಿಡಿ.

ದೀಪಾವಳಿಗೆ ಪಟಾಕಿ ಹೊಡೆಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹೊಡೆಯಬಹುದು. ಮಾಮೂಲಿ ದಿನ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ನಿಷೇಧ, ದೀಪಾವಳಿ ರಾತ್ರಿ ಮಾತ್ರ 1 ಗಂಟೆವರೆಗೆ ಕಾನೂನೇ ಬಿಟ್ಟಿದೆ. ಹಬ್ಬಕ್ಕೆ ಮೂರು ದಿನ ಮುಂಚಿನಿಂದ ಅಂಗಡಿಗಳಲ್ಲಿ ಮಾರಬಹುದು. ಆದರೆ ಸ್ವಂತ ಹಿತ್ತಲಲ್ಲಿ ಮಾತ್ರ, ಬೀದಿಯಲ್ಲಿ ಹಚ್ಚಿದರೆ ಅಪರಾಧ. ಒಂಬತ್ತರೊಳಗೆ ಮುಗಿಸಿ, ನಾಯಿ ಸಾಕಿದವರಿಗೆ ಹಿಂದಿನ ದಿನವೇ ಹೇಳಿಡಿ.

ಸಮುದ್ರಕ್ಕೆ ಇಳಿಯುವ ಮುಂಚೆ

ಮಂಗಳೂರು, ಉಡುಪಿ, ಕಾರವಾರದಿಂದ ಬಂದವರೇ ಇದನ್ನು ಎರಡು ಸಲ ಓದಿ. ನಮ್ಮ ಕಡೆ ಭರತ ಇಳಿತದ ನಡುವೆ ನೀರು ಏರಿಳಿಯುವುದು ಒಂದೆರಡು ಮೀಟರ್. ಇಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಆರು ಮೀಟರಿಗೂ ಜಾಸ್ತಿ. ತೀರದಲ್ಲಿ ಮರಳಿಗಿಂತ ನುಣುಪು ಕಲ್ಲುಗಳೇ ಹೆಚ್ಚು, ಭರತದ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎದೆಮಟ್ಟ ನೀರು. ಇಳಿತದಲ್ಲಿ ಬೀಚಿ ಹೆಡ್ ಅನ್ನುವ ಕಡಲಬಂಡೆಯ ಬುಡದ ಕಡೆ ನಡೆದುಕೊಂಡು ಹೋದವರಿಗೆ ನೀರು ಏರಿದಾಗ ವಾಪಸ್ ಬರಲು ದಾರಿ ಇರುವುದಿಲ್ಲ, ಒಂದು ಕಡೆ ಅಲೆ, ಇನ್ನೊಂದು ಕಡೆ ನೆಟ್ಟಗೆ ನಿಂತ ಬಂಡೆ. ಹೊರಡುವ ಮುಂಚೆ ಆ ದಿನದ ಭರತ ಇಳಿತದ ಹೊತ್ತು ನೋಡಿಕೊಂಡೇ ಹೋಗಿ.

ಬೀಚಿ ಹೆಡ್ 162 ಮೀಟರ್ ಎತ್ತರ. ಆ ಬಿಳಿ ಬಂಡೆ ಮೇಲಿನಿಂದ ಗಟ್ಟಿ ಹುಲ್ಲುಹಾಸಿನ ಹಾಗೆ ಕಾಣುತ್ತದೆ, ಅಂಚಿನ ಕೆಳಗೆ ಎಷ್ಟೋ ಕಡೆ ಏನೂ ಇರುವುದಿಲ್ಲ. ಸೂಚನೆಯೇ ಇಲ್ಲದೆ ಕುಸಿಯುತ್ತದೆ. ಫೋಟೋಗೋಸ್ಕರ ಅಂಚಿಗೆ ಹೋಗಬೇಡಿ, ಬರ್ಲಿಂಗ್ ಗ್ಯಾಪ್ ತೀರದಲ್ಲಿ ಬಂಡೆಯ ಬುಡದಲ್ಲಿ ಚಾಪೆ ಹಾಸಿ ಕೂರಬೇಡಿ. ಮಕ್ಕಳ ಕೈ ಬಿಡಬೇಡಿ.

ಈಜುವುದಾದರೆ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಪೂರ್ತಿ ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವ ಮಾತೇ ಇಲ್ಲ. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ತುಂಬಿದ ಬೋಟು, ಟ್ಯೂಬುಗಳನ್ನು ನೀರಿಗೆ ತರಬೇಡಿ, ಗಾಳಿ ಅವನ್ನು ಆಳಕ್ಕೆ ಒಯ್ಯುತ್ತದೆ. ಆಗಸ್ಟ್ ಕೊನೆಯಲ್ಲೂ ನೀರು 18 ಡಿಗ್ರಿಯ ಹತ್ತಿರ ಅಷ್ಟೆ. ದಿಢೀರ್ ಇಳಿದರೆ ಉಸಿರು ಕಟ್ಟಿದಂತಾಗಿ ಮೈ ಗಾಬರಿ ಬೀಳುತ್ತದೆ. ಆಗ ಕೈಕಾಲು ಬಡಿಯಬೇಡಿ. ತಲೆ ಹಿಂದಕ್ಕೆ ವಾಲಿಸಿ, ಕಿವಿ ನೀರಲ್ಲಿ ಮುಳುಗಿಸಿ, ಅಂಗಾತ ತೇಲುತ್ತಾ ಉಸಿರು ಹತೋಟಿಗೆ ಬರುವವರೆಗೆ ಇರಿ, ಆಮೇಲೆ ಕೂಗಿ. ದಡದಲ್ಲಿರುವವರು 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅಂತ ಹೇಳಬೇಕು. ಜೋರು ಮಳೆ ಬಂದ ಮರುದಿನ ಈಜು ಬೇಡ, ಚರಂಡಿ ನೀರು ಸಮುದ್ರಕ್ಕೆ ಬಿಟ್ಟಿರುವ ಸಾಧ್ಯತೆ ಇರುತ್ತದೆ. ಎನ್ವಿರಾನ್‌ಮೆಂಟ್ ಏಜೆನ್ಸಿ ಮೇ 15ರಿಂದ ಸೆಪ್ಟೆಂಬರ್ 30ರವರೆಗೆ ನೀರು ಪರೀಕ್ಷೆ ಮಾಡುತ್ತದೆ, ಫಲಿತಾಂಶ ನೋಡಿ.

ಮಕ್ಕಳು, ಅಪ್ಪ ಅಮ್ಮ

ಮಗುವಿಗೆ ನಾಲ್ಕು ತುಂಬಿದ ಮೇಲಿನ ಸೆಪ್ಟೆಂಬರ್‌ನಲ್ಲಿ ಶಾಲೆ ಶುರು. ಅರ್ಜಿಗೆ ಜನವರಿ 15 ಕೊನೆ, ಹೈಸ್ಕೂಲಿಗೆ ಅಕ್ಟೋಬರ್ 31. ಅರ್ಜಿ ಹೋಗುವುದು ಈಸ್ಟ್ ಸಸೆಕ್ಸ್ ಕೌಂಟಿ ಕೌನ್ಸಿಲ್‌ಗೆ. ವರ್ಷದ ನಡುವೆ ಬಂದವರಿಗೆ ಬೇರೆ ಅರ್ಜಿ ಇದೆ. ಸರ್ಕಾರಿ ಶಾಲೆಗೆ ಫೀಸ್ ಇಲ್ಲ, ಮೊದಲ ಮೂರು ವರ್ಷ ಮಧ್ಯಾಹ್ನದ ಊಟವೂ ಉಚಿತ. ಮಾಂಸ ತಿನ್ನದ ಮಗು ಅಂತ ಬರೆದುಕೊಡಿ. ಮೊಟ್ಟೆಯೂ ಬೇಡ ಅಂದರೆ ಅದನ್ನು ಬೇರೆಯಾಗಿಯೇ ಹೇಳಬೇಕು, ಇಲ್ಲಿ ಸಸ್ಯಾಹಾರದಲ್ಲಿ ಮೊಟ್ಟೆ ಸೇರಿದೆ.

ಅಪ್ಪ ಅಮ್ಮನನ್ನು ಕರೆಸುವುದಾದರೆ ಮೇನಿಂದ ಸೆಪ್ಟೆಂಬರ್ ನಡುವೆ ಕರೆಸಿ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು, ಸಮುದ್ರದ ಪಕ್ಕ ಉದ್ದಕ್ಕೂ ಬೆಂಚುಗಳು, 1935ರ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಸಂಗೀತ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಕತ್ತಲು, ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರಿಗೆ ಗೋಡೆ ನೋಡುವುದೇ ಕೆಲಸವಾಗುತ್ತದೆ. ಪ್ರವಾಸದ ವಿಮೆ ಮಾಡಿಸದೆ ವಿಮಾನ ಹತ್ತಿಸಲೇಬೇಡಿ. ಎಮರ್ಜೆನ್ಸಿ ವಿಭಾಗದಲ್ಲಿ ನೋಡುವುದು ಉಚಿತ, ಆದರೆ ವಾರ್ಡಿಗೆ ಸೇರಿಸಿದ ಗಳಿಗೆಯಿಂದ ವಿಸಿಟರ್ ವೀಸಾದವರಿಗೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಮೊದಲೇ ಇದ್ದ ಬಿಪಿ, ಶುಗರ್ ಎಲ್ಲ ವಿಮೆಯ ಅರ್ಜಿಯಲ್ಲಿ ಬರೆಯಿರಿ.

ಮೊದಲ ಚಳಿಗಾಲ

ಛತ್ರಿ ಈ ಗಾಳಿಗೆ ನಿಲ್ಲುವುದಿಲ್ಲ, ಟೋಪಿ ಇರುವ ಒಳ್ಳೆಯ ಮಳೆ ಜಾಕೆಟ್ ಕೊಳ್ಳಿ. ದಾನ ಬಂದ ಹಳೆಯ ಸಾಮಾನು ಮಾರುವ ಚ್ಯಾರಿಟಿ ಅಂಗಡಿಗಳಲ್ಲಿ ಬಹಳ ಒಳ್ಳೆಯ ಕೋಟುಗಳು ಕಡಿಮೆ ಬೆಲೆಗೆ ಸಿಗುತ್ತವೆ. ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳಿ ಅಂತ ಸರ್ಕಾರವೇ ಹೇಳುತ್ತದೆ, ನಮ್ಮ ಮೈಬಣ್ಣದವರು ವರ್ಷಪೂರ್ತಿ ತೆಗೆದುಕೊಳ್ಳುವುದು ಒಳ್ಳೆಯದು ಅನ್ನುವುದೂ ಅದೇ ಸಲಹೆಯಲ್ಲಿದೆ.

ನವೆಂಬರ್ ಫೆಬ್ರವರಿ ನಡುವೆ ಮನಸ್ಸು ಕುಗ್ಗುವುದು ತುಂಬಾ ಜನಕ್ಕೆ ಆಗುತ್ತದೆ. ಪಾಳಿ, ಕತ್ತಲು, ಮನೆ, ಮತ್ತೆ ಪಾಳಿ. ಹಗಲು ಅರ್ಧ ಗಂಟೆಯಾದರೂ ಹೊರಗೆ ನಡೆಯಿರಿ, ಗಾಳಿ ಜೋರಿದ್ದರೆ ಸಮುದ್ರದ ಕಡೆ ಬಿಟ್ಟು ಹ್ಯಾಂಪ್ಡನ್ ಪಾರ್ಕಿನ ಕೆರೆ ಸುತ್ತ ಹೋಗಿ. ಭಾನುವಾರ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಊಟಕ್ಕೆ ಸೇರುವ ರೂಢಿ ಇಟ್ಟುಕೊಳ್ಳಿ, ಕನ್ನಡದವರು ಸಿಗದಿದ್ದರೆ ಮಲಯಾಳಿ, ತಮಿಳು ನರ್ಸ್‌ಗಳು ಸಿಕ್ಕೇ ಸಿಗುತ್ತಾರೆ. ಕನ್ನಡಿಗರು ಯುಕೆ, ಕನ್ನಡ ಬಳಗ ಯುಕೆ ಸಂಘಗಳ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳಿಗೆ ದೂರ ಅಂತ ಬಿಡದೆ ಹೋಗಿ ಬನ್ನಿ. ಯಾರ ಹತ್ತಿರವೂ ಹೇಳಿಕೊಳ್ಳಲಾಗದಷ್ಟು ಭಾರ ಅನ್ನಿಸಿದರೆ ಸಮಾರಿಟನ್ಸ್ ಅನ್ನುವ ಸಹಾಯವಾಣಿಯ 116 123 ಹಗಲೂ ರಾತ್ರಿ ಉಚಿತ, ಜಿಪಿ ಹತ್ತಿರವೂ ಹೇಳಿ. ಅದರಿಂದ ವೀಸಾಕ್ಕೆ ತೊಂದರೆ ಆಗುತ್ತದೆ ಅನ್ನುವ ಹೆದರಿಕೆ ಬೇಡ.

ಇನ್ನೊಂದು ಕೆಲಸ ಈಗಲೇ ಮಾಡಿಬಿಡಿ. ಊರಿನಲ್ಲಿ ಬಾಡಿಗೆಗೆ ಸಿಗುವ ಸಣ್ಣ ತೋಟದ ತುಂಡುಗಳಿವೆ, ಅಲಾಟ್‌ಮೆಂಟ್ ಅನ್ನುತ್ತಾರೆ. ಕಾಯುವವರ ಪಟ್ಟಿ ಉದ್ದ ಇರುತ್ತದೆ, ಬಂದ ವರ್ಷವೇ ಹೆಸರು ಬರೆಸಿ. ಸರದಿ ಬರುವವರೆಗೆ ಹಿತ್ತಲಲ್ಲಿ ಕುಂಡ ಇಟ್ಟು ಮೇ ತಿಂಗಳಲ್ಲಿ ಮೆಂತ್ಯ, ಕೊತ್ತಂಬರಿ ಬಿತ್ತಿ. ಗಾಳಿ ಬೀಳದ ಗೋಡೆ ಪಕ್ಕ ಇಡಿ, ಉಪ್ಪುಗಾಳಿ ತಾಗಿದರೆ ಎಳೆಯ ಎಲೆಯ ಅಂಚು ಸುಟ್ಟಂತೆ ಆಗುತ್ತದೆ.